ಹಾಸಿಗೆ ಅಂಗಡಿಯ ಹೊಸ ಹೆಸರು

ಹಾಸಿಗೆ ಅಂಗಡಿಯ ಯಜಮಾನರಿಗೆ ಅದೇಕೋ ಬೆಳಗಾಗುತ್ತಲೇ ‘ನೆಮ್ಮದಿ’ ಎಂಬ ಅಂಗಡಿಯ ಹೆಸರು ಸಾಕಾಯಿತು.

“ಸಂಜೆಯೊಳಗೆ ವೆಬ್‌ಸೈಟ್ ತುಂಬ ‘ಸುಖನಿದ್ರೆ’ ಅಂತ ಆಗ್ಬೇಕು. ಆಯ್ತೋ, ನಿಂಗೆ ರಜೆ; ಇಲ್ಲಾಂದ್ರೆ ಇಲ್ಲ.”

ಕಂಪ್ಯೂಟರಿನ ಮುಂದೆಯೇ ಬದುಕು ಸವೆಸುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಮೌಸಪ್ಪನಾಗಿದ್ದ ಆ ಬಡಪಾಯಿ ತಲೆಯಾಡಿಸಿದ. ತಂಗಿಗೆ ಹೆಣ್ಣುಮಗುವಾಗಿತ್ತು, ಸಂಜೆಯ ಬಸ್ಸು ಹಿಡಿದರೆ ಸೋದರಮಾವನ ಪಟ್ಟ.

ಲೆಕ್ಕದ ಗುಮಾಸ್ತರು ಕುರ್ಚಿ ಎಳೆದುಕೊಂಡು ಬಂದರು. “ಇದಕ್ಯಾಕೋ ಮುಖ ಸಣ್ಣ ಮಾಡ್ಕೊಂಡಿದೀಯ? ಹುಡುಕು, ಬದಲಾಯ್ಸು, ಮುಗೀತು!” ಎನ್ನುತ್ತ ತಾವೇ ಬಟನ್ ಒತ್ತಿಬಿಟ್ಟರು.

ಹಾಸಿಗೆಗಳ ಚಿತ್ರಗಳೆಲ್ಲ ಮಾಯ! ಚಿತ್ರಗಳ ವಿಳಾಸದಲ್ಲೂ ಹಳೆಯ ಹೆಸರೇ ಇದ್ದು, ಅದೂ ಬದಲಾಗಿತ್ತು. ಪುಟ, ನೆಂಟರು ಎದ್ದುಹೋದ ಚಾಪೆಯಂತೆ ಬರಿದಾಗಿ ಬಿದ್ದಿತ್ತು.

“ನಾನೇನೂ ಮುಟ್ಲಿಲ್ಲಪ್ಪ,” ಎಂದು ಗುಮಾಸ್ತರು ಕುರ್ಚಿ ಸಮೇತ ಹಿಂದೆ ಸರಿದರು.

ಮೌಸಪ್ಪ ಸಿಟ್ಟಾಗಲಿಲ್ಲ. ದೇವರನ್ನು ನೆನೆದು, ಎತ್ತಿಟ್ಟಿದ್ದ ಪ್ರತಿಯಿಂದ ಪುಟಗಳನ್ನು ಮೊದಲಿನಂತೆ ಮಾಡಿ, ಕಂಪ್ಯೂಟರಿಗೆ ಕೆಲಸ ಹೇಳುವ ಒಂದು ಸ್ಕ್ರಿಪ್ಟ್ ಬರೆಯಲು ಕುಳಿತ. ಅದು ಪುಟವನ್ನು ಓದುತ್ತ, ಇದು ಪುಟ ಕಟ್ಟುವ ಟ್ಯಾಗು, ಇದು ಚಿತ್ರದ ವಿಳಾಸ, ಇದು ಜನ ಓದುವ ಮಾತು ಎಂದು ಬೇರ್ಪಡಿಸಿ, ಜನ ಓದುವ ಮಾತನ್ನಷ್ಟೇ ಮುಟ್ಟುತ್ತದೆ. ಮಲಗಿದ ಕೂಸಿಗೆ ಎಚ್ಚರವಾಗದಂತೆ ದುಪ್ಪಟಿ ಬದಲಿಸುವ ಅಜ್ಜಿಯ ಕೈಯಂಥ ಕೆಲಸ.

“ಇನ್ನೂ ಮುಗೀಲಿಲ್ವೇನೋ? ನೀನು ಹೋಗೋ ಅಷ್ಟ್ರಲ್ಲಿ ನಿನ್ನ ಸೊಸೆ ಓಡಾಡ್ತಿರ್ತಾಳೆ!” ಎಂದಳು ಮಾರಾಟದ ಅಕ್ಕ.

“ಆಯ್ತಕ್ಕ,” ಎಂದು ಮೌಸಪ್ಪ ಸ್ಕ್ರಿಪ್ಟ್ ಓಡಿಸಿದ. ಪುಟಗಳ ತುಂಬ ‘ಸುಖನಿದ್ರೆ’. ಒಂದು ಚಿತ್ರವೂ ಕದಲಲಿಲ್ಲ.

“ಕೈ ಅಂದ್ರೆ ಇದು ಕಣ್ರೋ!” ಎಂದು ಗುಮಾಸ್ತರೇ ಬೆರಗಾದರು. ಯಜಮಾನರು ಬೆನ್ನು ತಟ್ಟಿದರು. “ಬಂಗಾರ ಕಣಯ್ಯ ನೀನು. ಹೊರಡು!”

ಮೌಸಪ್ಪ ಹೊಸಿಲು ದಾಟುವಷ್ಟರಲ್ಲಿ ಯಜಮಾನರ ಫೋನು ಹೊಡೆದುಕೊಂಡಿತು. ಅತ್ತಲಿಂದ ಮನೆಯಾಕೆಯ ನಗು ಅಂಗಡಿಗೆಲ್ಲ ಕೇಳಿಸಿತು. “ರೀ, ಮೊದ್ಲೂ ಅದೇ ಹೆಸರಾಗಿದ್ರೆ ನೀವು ಬದಲಾಯ್ಸಿದ್ದು ಏನನ್ನ?”

ಯಜಮಾನರು ಮೊದಲ ಪುಟಕ್ಕೆ ಕಣ್ಣು ಹಾಯಿಸಿದರು. ಮಧ್ಯಾಹ್ನ ತಾವೇ ಹೇಳಿ ಬರೆಸಿದ್ದ, ಗುಮಾಸ್ತರು ಮೌಸಪ್ಪನಿಗೂ ಹೇಳದೆ ಅಲ್ಲಿ ಸೇರಿಸಿದ್ದ ಪ್ರಕಟಣೆಯೊಳಗಿನ ‘ನೆಮ್ಮದಿ’ಯನ್ನೂ ಸ್ಕ್ರಿಪ್ಟ್ ಬಿಟ್ಟಿರಲಿಲ್ಲ: ‘ಇಷ್ಟು ದಿನ ಸುಖನಿದ್ರೆ ಎಂದು ಹೆಸರಾಗಿದ್ದ ನಮ್ಮ ಅಂಗಡಿಯನ್ನು ಇಂದಿನಿಂದ ಗ್ರಾಹಕರು ಸುಖನಿದ್ರೆ ಎಂದೇ ಕರೆಯತಕ್ಕದ್ದು.’

“ಹೋಯ್ತು ಮಾನ! ಈ ಹೆಸರೇ ಬೇಡ,” ಎಂದು ಯಜಮಾನರು ಕುಸಿದು ಕುಳಿತರು. “ಮೌಸಪ್ಪ, ಬ್ಯಾಗ್ ಕೆಳಗಿಡು. ಹೊಸ ಹೆಸರು ಹೊಳೆಯೋವರೆಗೆ ಎಲ್ಲೂ ಹೋಗ್ಬೇಡ. ಒಂದು ಚಿತ್ರಾನೂ ಕದಲದ ಹಾಗೆ ಮಾಡೋ ಕೈ ಇನ್ಯಾರಿಗಿದೆ ಹೇಳು?”