ಎರಡು ಬೆರಳು ಬಿಡದ ಚೌಕಟ್ಟಿಗೆ

ವಿಮಾನ ನಿಲ್ದಾಣದ ಹದಿನಾಲ್ಕನೆಯ ಗೇಟಿನಲ್ಲಿ, ಗಾಜಿನ ಗೋಡೆಗೂ ಟಿಕೆಟ್ ನೋಡುವ ಮೇಜಿಗೂ ನಡುವೆ ನೆಟ್ಟಗೆ ನಿಂತು, ಬಡ ಪ್ರಯಾಣಿಕರ ಕೈಚೀಲಗಳ ಯೋಗ್ಯತೆಯನ್ನು ಅಳೆಯುತ್ತಿರುವ ಕಬ್ಬಿಣದ ಚೌಕಟ್ಟಿನವರ ಸನ್ನಿಧಿಗೆ, ಬಟ್ಟೆ ಹೊಲಿದು ಬದುಕುವ ಒಬ್ಬನ ಸವಿನಯ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಕಳೆದ ತಿಂಗಳ ಆ ಮಂಗಳವಾರ ಬೆಳಿಗ್ಗೆ ನಾನು ನನ್ನ ಚೀಲವನ್ನು ತಮ್ಮೊಳಗೆ ಮೊಣಕಾಲಿನಿಂದ ಒತ್ತಿ, ಮೊಣಕೈಯಿಂದ ಗುದ್ದಿ, ಕೊನೆಗೆ ಹೊಟ್ಟೆಯನ್ನೇ ಮೇಲಿಟ್ಟು ಅದುಮಿದಾಗಲೂ ತಾವು ಕೂದಲೆಳೆಯಷ್ಟೂ ಅಲುಗಾಡಲಿಲ್ಲವಾದ್ದರಿಂದ ತಮ್ಮ ಆರೋಗ್ಯದ ಬಗ್ಗೆ ನನಗೆ ಯಾವ ಚಿಂತೆಯೂ ಇಲ್ಲ. ದಿನಕ್ಕೆ ಸಾವಿರ ಮುಖ ನೋಡುವ ತಮಗೆ ನನ್ನ ನೆನಪಿರಲಾರದು. ಒಂದರ ಮೇಲೊಂದು ಮೂರು ಅಂಗಿ, ಎರಡು ಪ್ಯಾಂಟು, ಅದರ ಮೇಲೆ ಒಂದು ಕೋಟು ತೊಟ್ಟು, ಆವಿಯಲ್ಲಿ ಬೇಯುತ್ತಿರುವವನಂತೆ ನಿಂತಿದ್ದ ಮನುಷ್ಯ ನಾನೇ.

ದೂರು ಹೇಳುವ ಮೊದಲು ಹಿನ್ನೆಲೆ ಹೇಳುವುದು ಪದ್ಧತಿ. ನನ್ನದು ಬಸ್ಸು ನಿಲ್ಲುವ ಜಾಗದ ಎದುರು ಒಂದೇ ಬಾಗಿಲಿನ ದರ್ಜಿ ಅಂಗಡಿ. ಅಳತೆ ತೆಗೆಯುವುದು, ಬಟ್ಟೆ ಕತ್ತರಿಸುವುದು, ಯಂತ್ರ ತುಳಿಯುವುದು ನನ್ನ ಕೆಲಸ. ಕಾಜಾ, ಗುಂಡಿ, ಅಂಚಿನ ಕೈಹೊಲಿಗೆ ನನ್ನ ಹೆಂಡತಿಯದು. ಕೈಹೊಲಿಗೆಗೆ ಬೆಳಕು ಬೇಕೆಂದು ಅವಳು ಇಪ್ಪತ್ತೆಂಟು ವರ್ಷಗಳಿಂದ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂರುತ್ತಾಳೆ, ಹಾಗಾಗಿ ಮೆಟ್ಟಿಲು ಹತ್ತಿದ ಗಿರಾಕಿಗೆ ಮೊದಲು ಸಿಗುವವಳು ಅವಳೇ. ಹತ್ತಿದವರೆಲ್ಲ ಕೇಳುವುದು ಒಂದೇ ಮಾತು: "ಆಯ್ತಾ?" ಬಟ್ಟೆ ನಿನ್ನೆ ಕೊಟ್ಟವರೂ ಅದನ್ನೇ ಕೇಳುತ್ತಾರೆ, ಇನ್ನೂ ಕೈಯಲ್ಲೇ ಹಿಡಿದುಕೊಂಡು ಬಂದವರೂ ಅದನ್ನೇ ಕೇಳುತ್ತಾರೆ, ಎದುರಿನ ಔಷಧಿ ಅಂಗಡಿಯವರಂತೂ ಹೊಲಿಯಲು ಏನೂ ಕೊಡದೆ ಬರೀ ಅಭ್ಯಾಸಬಲದಿಂದ ಕೇಳಿ ಹೋಗುತ್ತಾರೆ.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವಳು ಯಾರದೋ ತೋಳಿಗೆ ಗುಂಡಿ ಹಾಕುತ್ತ, ತಲೆ ಎತ್ತದೆಯೇ ಅಂದಳು: "ಮೂರು ದಿನ ರೀ. ಮೂರೇ ಮೂರು ದಿನ, ಯಾರೂ ನನ್ನ ‘ಆಯ್ತಾ’ ಅಂತ ಕೇಳದೇ ಇರೋ ಕಡೆ ಹೋಗಿ ಸುಮ್ನೆ ಕೂತ್ಕೋಬೇಕು." ಮದುವೆಯಾದಂದಿನಿಂದ ಅವಳು ನನ್ನನ್ನು ಏನನ್ನೂ ಕೇಳಿದವಳಲ್ಲ. ಕೇಳಿದ್ದು ಒಡವೆಯಲ್ಲ, ಮನೆಯಲ್ಲ, ಮೂರು ದಿನ. ಆಗಲಿ ಎಂದು ಮಾತು ಕೊಟ್ಟೆ.

ಆದರೆ ಅಂಥ ಜಾಗ ಹುಡುಕುವುದು ಸುಲಭವಲ್ಲ. ಹತ್ತಿರದ ಊರುಗಳಲ್ಲಿ ಗಿರಾಕಿಗಳಿದ್ದಾರೆ, ದೂರದ ಊರುಗಳಲ್ಲಿ ನೆಂಟರಿದ್ದಾರೆ, ಇಬ್ಬರೂ ಇಲ್ಲದ ಕಡೆ ನಮ್ಮ ಭಾಷೆ ಇದೆ. ಆದ್ದರಿಂದ ನಮ್ಮ ಮಾತೇ ನಡೆಯದ, ಕೇಳಬೇಕೆಂದರೂ ಕೇಳಲು ಬಾರದ ಪರದೇಶದ ದೊಡ್ಡ ನಗರವೊಂದೇ ನಮಗೆ ಗತಿ ಎಂದು ತೀರ್ಮಾನವಾಯಿತು. ಇಲ್ಲಿ ನನ್ನ ಹೆಂಡತಿಯ ತಮ್ಮನ ಪ್ರವೇಶ. ಅವನು ಎರಡು ಸಲ ಪರದೇಶಕ್ಕೆ ಹೋಗಿಬಂದವನು. ಎರಡು ಸಲ ಹೋದವನು ಇನ್ನೂರು ಸಲ ಹೋದವನಂತೆ ಮಾತನಾಡುವುದರಿಂದ ಅವನನ್ನು ಮನೆಯಲ್ಲಿ ಎಲ್ಲರೂ ‘ವೀಸಾ’ ಎಂದೇ ಕರೆಯುತ್ತಾರೆ. ಕಡಿಮೆ ಖರ್ಚಿನಲ್ಲಿ ಹೋಗಿಬರುವ ವಿದ್ಯೆಯನ್ನೆಲ್ಲ ಅವನು ನನಗೆ ಧಾರೆ ಎರೆದ. ಯಾರೂ ಹೋಗದ ತಿಂಗಳಲ್ಲಿ ಹೋಗಬೇಕು, ಯಾರೂ ಹೊರಡದ ಮಂಗಳವಾರ ಹೊರಡಬೇಕು, ಕಿಟಕಿಯಿಲ್ಲದ ಕೋಣೆ ಹಿಡಿಯಬೇಕು, ರಾತ್ರಿಯ ಊಟವನ್ನು ಮಧ್ಯಾಹ್ನವೇ ಉಣ್ಣಬೇಕು. "ಭಾವ, ಬಟ್ಟೇನ ಚೀಲಕ್ಕೆ ಹಾಕ್ಬೇಡಿ, ಮೈಗೆ ಹಾಕ್ಕೊಳಿ. ಮೈಗೆ ಯಾರೂ ದುಡ್ಡು ಕೇಳಲ್ಲ" ಎಂಬುದು ಅವನ ಉಪದೇಶಗಳಲ್ಲೆಲ್ಲ ದೊಡ್ಡದು.

ನಾನು ಚೌಕುಳಿ ಕಾಗದದ ನಾಲ್ಕು ಪುಟಗಳಲ್ಲಿ ಯೋಜನೆ ಬರೆದೆ. ಬುಧವಾರ ನಾಲ್ಕರಿಂದ ಆರು, ಚಿತ್ರಶಾಲೆ, ಆ ಹೊತ್ತಿನಲ್ಲಿ ಪುಕ್ಕಟೆ. ಆರು ಹದಿನೈದು, ದೊಡ್ಡ ಸೇತುವೆಯನ್ನು ನೋಡುವುದು. ಆರು ಇಪ್ಪತ್ತೈದು, ನೋಡಿ ಮುಗಿಸುವುದು. ಕೋಣೆಯಿಂದ ನಿಲ್ದಾಣಕ್ಕೆ ನಡಿಗೆ ಹನ್ನೊಂದು ನಿಮಿಷ ಎಂದು ಕೋಣೆಯವರು ಬರೆದುಕೊಂಡಿದ್ದರೆ, ಹೆಂಡತಿಯ ಮೊಣಕಾಲನ್ನು ಗಮನದಲ್ಲಿಟ್ಟು ನಾನು ಹದಿನೇಳು ಎಂದು ತಿದ್ದಿದೆ. ಒಂದೊಂದು ಪುಟ ಮುಗಿದಾಗಲೂ ಅವಳ ಕೈಗೆ ಕೊಟ್ಟು, ಓದಿ ಆಯ್ತಾ ಎಂದು ವಿಚಾರಿಸಿಕೊಳ್ಳುತ್ತಿದ್ದೆ. ಇಷ್ಟು ಅಚ್ಚುಕಟ್ಟಾಗಿ ಯಾವ ಗಂಡನೂ ಹೆಂಡತಿಗೆ ವಿಶ್ರಾಂತಿಯನ್ನು ಹೊಂದಿಸಿ ಕೊಟ್ಟಿರಲಾರ.

ಇನ್ನು ತಮ್ಮ ವಿಷಯ. ನಮ್ಮ ಟಿಕೆಟ್ಟು ಎಷ್ಟು ಅಗ್ಗದ್ದೆಂದರೆ, ಸೀಟಿನ ಕೆಳಗೆ ತೂರುವ ಒಂದೊಂದು ಚಿಕ್ಕ ಚೀಲ ಬಿಟ್ಟು ಮತ್ತೇನನ್ನೂ ಒಯ್ಯುವಂತಿರಲಿಲ್ಲ. ಆ ಚೀಲ ತಮ್ಮೊಳಗೆ ಇಳಿಯಬೇಕೆಂದು ತಮ್ಮ ಉದ್ದ, ಅಗಲ, ಆಳಗಳನ್ನು ಟಿಕೆಟ್ಟಿನಲ್ಲೇ ಅಚ್ಚು ಹಾಕಿದ್ದರು. ಅಂಗಡಿಗೆ ಹೋಗಿ ಚೀಲ ಕೊಂಡರೆ ಹೊಲಿಯುವವನ ಮಾನ ಎಲ್ಲಿ ಉಳಿಯಿತು? ಅಂಗಡಿಯ ಮುಂದೆ ಬಿಸಿಲಿಗೆ ಕಟ್ಟಲು ತಂದಿದ್ದ ದಪ್ಪ ಬಟ್ಟೆ ಉಳಿದಿತ್ತು, ಅದರಲ್ಲೇ ಎರಡು ಚೀಲ ಕತ್ತರಿಸಿದೆ. ಮಾನ್ಯರೇ, ನನ್ನ ತಪ್ಪನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ದರ್ಜಿಯ ಕೈಗೆ ಅಳತೆಯೆಂದರೆ ಮೈಯ ಅಳತೆ. ಮೈ ಒಳಗಿರುತ್ತದೆ, ಬಟ್ಟೆ ಹೊರಗಿರುತ್ತದೆ, ಎರಡರ ನಡುವೆ ಉಸಿರಾಡಲು ಎರಡು ಬೆರಳು ಸಡಿಲ ಬಿಡಬೇಕು. ತಮ್ಮ ಅಳತೆ ಕಣ್ಣಿಗೆ ಬಿದ್ದದ್ದೇ ತಡ, ನನ್ನ ಕೈ ತನ್ನಷ್ಟಕ್ಕೆ ತಾನೇ ಕೆಲಸ ಮುಗಿಸಿತು. ತಮ್ಮೊಳಗೆ ಇಳಿಯುವ ಚೀಲದ ಬದಲು ತಮಗೇ ತೊಡಿಸಬಹುದಾದ ಅಂಗಿಯನ್ನು, ಎರಡು ಬೆರಳು ಸಡಿಲ ಬಿಟ್ಟು, ಒಂದಲ್ಲ ಎರಡು, ಹೊಲಿದಿಟ್ಟಿದ್ದೆ. ತೊಡಿಸಿದ್ದರೆ ತಮಗೆ ಬಹಳ ಚೆನ್ನಾಗಿ ಒಪ್ಪುತ್ತಿತ್ತು.

ಇದು ನನಗೆ ತಿಳಿದದ್ದು ತಮ್ಮ ಎದುರಿನಲ್ಲೇ. ಸಮವಸ್ತ್ರದ ಹೆಂಗಸು "ಹಿಡಿಸಲ್ಲ ಸಾರ್. ದುಡ್ಡು ಕಟ್ಟಿ, ಇಲ್ಲಾಂದ್ರೆ ಪಕ್ಕಕ್ಕೆ ಬನ್ನಿ" ಎಂದರು. ಒಂದು ಚೀಲಕ್ಕೆ ಅವರು ಹೇಳಿದ ದರ ಒಬ್ಬರ ಟಿಕೆಟ್ಟಿಗಿಂತ ಹೆಚ್ಚಿತ್ತು. ಚೀಲವನ್ನು ಸೀಟಿನ ಮೇಲೆ ಕೂರಿಸಿ ನಾನು ಕೆಳಗೆ ತೂರಿಕೊಳ್ಳುತ್ತೇನೆಂದರೂ ಒಪ್ಪಲಿಲ್ಲ. ಕತ್ತರಿಯನ್ನು ವಿಮಾನದೊಳಗೆ ಬಿಡುವುದಿಲ್ಲವೆಂದು ಮನೆಯಲ್ಲೇ ಬಿಟ್ಟುಬಂದಿದ್ದೆ. ಆದರೆ ನನ್ನ ಹೆಂಡತಿಯ ಕಾಲರಿನಲ್ಲಿ ದಾರ ಸುತ್ತಿದ ಒಂದು ಸೂಜಿ ಯಾವಾಗಲೂ ಇರುತ್ತದೆ. ಅವಳು ನೆಲದ ಮೇಲೆ ಕೂತು, ತನ್ನ ಚೀಲ ಬರಿದು ಮಾಡಿ, ಬದಿಗಳನ್ನು ಒಳಕ್ಕೆ ಮಡಿಚಿ ಉದ್ದುದ್ದ ಟಾಕಾ ಹಾಕತೊಡಗಿದಳು.

ಆಗ ನಡೆದದ್ದಕ್ಕೆ ತಾವೇ ಸಾಕ್ಷಿ. ಹಿಂದೆ ನಿಂತಿದ್ದ ಚಕ್ರದ ಪೆಟ್ಟಿಗೆಯ ಯಜಮಾನರು "ಅಮ್ಮಾ, ಆಯ್ತಾ?" ಎಂದರು. ಸಮವಸ್ತ್ರದವರು "ಆಯ್ತಾ ಮೇಡಂ? ಬಾಗಿಲು ಹಾಕ್ತೀವಿ" ಎಂದರು. ಅವಸರವೇ ಇಲ್ಲದ ಒಬ್ಬರು ಪಕ್ಕದ ಗೇಟಿನಿಂದ ಎದ್ದುಬಂದು ಕೇಳಿಹೋದರು. ಇಷ್ಟು ಸಾಲದೆಂಬಂತೆ, ಮೂರು ಅಂಗಿಗಳೊಳಗೆ ಬೇಯುತ್ತಿದ್ದ ನಾನೂ ಬಗ್ಗಿ ಕೇಳಿದೆ: "ಆಯ್ತಾ?"

ಅವಳ ಕೈ ನಿಂತಿತು. ದಾರವನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ತಲೆ ಎತ್ತಿ ನನ್ನನ್ನು ನೋಡಿದಳು. ಆ ನೋಟ ನನಗೆ ಹೊಸದೇನಲ್ಲ, ಅಂಗಡಿಯಲ್ಲಿ ದಿನಕ್ಕೆ ನಾಲ್ಕಾರು ಸಲ ಕಂಡದ್ದೇ. ಸೂಜಿಗೆ ದಾರ ಪೋಣಿಸಿ ಪೋಣಿಸಿ ಕಣ್ಣು ಸೋತಿದೆ ಎಂದುಕೊಂಡು ಕನ್ನಡಕ ಬದಲಿಸಿಕೊಟ್ಟಿದ್ದೆ.

ಅವಳ ಚೀಲ ತಮ್ಮೊಳಗೆ ಇಳಿಯಿತು. "ನೀನು ನಡಿ, ನಾನು ಹಿಂದೇನೇ ಬಂದೆ" ಎಂದು ಅವಳನ್ನು ಒಳಗೆ ಕಳಿಸಿ, ನನ್ನ ಚೀಲ ಸುರುವಿಕೊಂಡು ಕೂತು, ಸೂಜಿಗಾಗಿ ಕೈ ಚಾಚಿದೆ. ಸೂಜಿ ಅವಳ ಕಾಲರಿನಲ್ಲಿ ಹೋಗಿತ್ತು. ಇಪ್ಪತ್ತೆಂಟು ವರ್ಷ ಹೊಲಿದವನ ಬಳಿ ಒಂದು ಸೂಜಿಯಿರಲಿಲ್ಲ ಎಂಬುದನ್ನು ತಾವು ಯಾರಿಗೂ ಹೇಳಬಾರದಾಗಿ ವಿನಂತಿ. ಹಾಳಾಗಿ ಹೋಗಲಿ, ಚೀಲವನ್ನೇ ಬಿಟ್ಟುಬಿಡುತ್ತೇನೆಂದರೆ, ವಾರಸುದಾರರಿಲ್ಲದ ಚೀಲ ಬಿಡುವುದು ಅಪರಾಧ, ಕಸದ ಡಬ್ಬಕ್ಕೇ ಹಾಕಬೇಕೆಂದರು. ಡಬ್ಬ ಹನ್ನೊಂದನೆಯ ಗೇಟಿನ ಬಳಿ ಇತ್ತು. ಎರಡು ಪ್ಯಾಂಟಿನಲ್ಲಿ ಓಡುವುದು ಹೇಗಿರುತ್ತದೆಂದು ತಮಗೆ ತಿಳಿಯದು. ಓಡಿಹೋಗಿ ನೋಡಿದರೆ ಆ ಡಬ್ಬದ ಬಾಯಿ ತಮ್ಮ ಬಾಯಿಗಿಂತಲೂ ಚಿಕ್ಕದು. ಬಹುಶಃ ತಮ್ಮ ಖಾಸಾ ಸೋದರನಿರಬೇಕು. ಅಲ್ಲಿ ತುರುಕಿ, ಸೋತು, ಚೀಲದ ಸಮೇತ ಹಿಂತಿರುಗುವಷ್ಟರಲ್ಲಿ ಬಾಗಿಲು ಹಾಕಿ ಆಗಿತ್ತು. ಕೋಣೆಯ ಚೀಟಿ ಅವಳ ಚೀಲದಲ್ಲಿ, ನಾಲ್ಕು ಪುಟದ ಯೋಜನೆ ನನ್ನ ಚೀಲದಲ್ಲಿ. ಗಾಜಿನ ಆಚೆ ವಿಮಾನ ಮೆಲ್ಲಗೆ ಹಿಂದಕ್ಕೆ ಸರಿಯುವುದನ್ನು ತಾವೂ ನಾನೂ ಒಟ್ಟಿಗೆ ನಿಂತು ನೋಡಿದೆವು. ನನಗೆ ಅಳು ಬಂತು, ತಮಗೆ ಬಂದಂತೆ ಕಾಣಲಿಲ್ಲ.

ಮರುದಿನ ಅಂಗಡಿ ತೆರೆದೆ. ಕಾಜಾ ಹಾಕುವವರಿಲ್ಲದ್ದರಿಂದ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ನಾನೇ ಕೂತೆ. ಮಧ್ಯಾಹ್ನದೊಳಗೆ ಹತ್ತೊಂಬತ್ತು ಜನ ಕೇಳಿದರು. ಇಪ್ಪತ್ತನೆಯವರು ಔಷಧಿ ಅಂಗಡಿಯವರು. ಪಾಪ, ಅವರ ಮೇಲೆ ನಾನು ಯಂತ್ರದ ದಾರದ ಬಾಬಿನ್ ಎಸೆಯಬಾರದಿತ್ತು. ಸಂಜೆ ಹೆಂಡತಿಯಿಂದ ಫೋನಿಗೆ ಎರಡೇ ಮಾತು ಬಂತು: "ಆರಾಮಾಗಿದೀನಿ. ಚೆನ್ನಾಗಿದೆ." ಬದಲಿಗೆ ನಾನು "ಊಟ ಆಯ್ತಾ?" ಎಂದು ಬರೆದೆ. ಬರೆದದ್ದನ್ನು ನೋಡಿದೆ. ಅಳಿಸಿದೆ. ಫೋನನ್ನು ಯಂತ್ರದ ಮೇಲೆ ಮಗುಚಿಟ್ಟೆ. ಇಪ್ಪತ್ತೆಂಟು ವರ್ಷಗಳಲ್ಲಿ ಅವಳನ್ನು ಆ ಮಾತು ಅತಿ ಹೆಚ್ಚು ಸಲ ಕೇಳಿದ ಮನುಷ್ಯ ಯಾವ ಗಿರಾಕಿಯೂ ಅಲ್ಲವೆಂದು ನನಗೆ ಹೊಳೆದದ್ದು ಆ ಸ್ಟೂಲಿನ ಮೇಲೆ.

ಶುಕ್ರವಾರ ಅವಳು ಬಂದಳು. ಚಿತ್ರಶಾಲೆಯೊಳಗೆ ಕಾಲಿಟ್ಟಿಲ್ಲ, ಅದರ ಮೆಟ್ಟಿಲ ಮೇಲೆ ಬಿಸಿಲು ಕಾಯಿಸಿಕೊಂಡಿದ್ದಾಳೆ. ಸೇತುವೆಯನ್ನು ನಾನು ಕೊಟ್ಟ ಹತ್ತು ನಿಮಿಷದ ಬದಲು ಇಡೀ ಬೆಳಗು ನೋಡಿದ್ದಾಳೆ. ಯಾವುದೋ ಬಸ್ಸು ಹತ್ತಿ ಕೊನೆಯ ನಿಲ್ದಾಣದವರೆಗೂ ಹೋಗಿ, ಅದೇ ಬಸ್ಸಿನಲ್ಲಿ ಕೂತು ವಾಪಸು ಬಂದಿದ್ದಾಳೆ. ಕಿಟಕಿಯಿಲ್ಲದ ಕೋಣೆಯಲ್ಲಿ ಬೆಳಗಾದದ್ದೇ ತಿಳಿಯಲಿಲ್ಲವಂತೆ; ಅದನ್ನು ಸೌಲಭ್ಯವೆಂಬಂತೆ ವರ್ಣಿಸಿದಳು. ಆಮೇಲೆ ದನಿ ತಗ್ಗಿಸಿ, ದೊಡ್ಡ ಸಾಹಸ ಮಾಡಿಬಂದವಳಂತೆ ಹೇಳಿದಳು: "ಬಸ್ಸಲ್ಲಿ ಎದುರಿಗೇ ಒಬ್ಬಳ ಕೋಟಿನ ಅಂಚು ಬಿಚ್ಚಿ ನೇತಾಡ್ತಿತ್ತು ರೀ. ಸೂಜಿ ಕಾಲರಲ್ಲೇ ಇತ್ತು. ನೋಡಿದೆ. ನೋಡಿ ಸುಮ್ನಿದ್ದೆ." ಇಷ್ಟು ನಗುವ ಹೆಂಗಸು ನಮ್ಮ ಮನೆಯಲ್ಲಿದ್ದಾಳೆಂದು ನನಗೆ ಗೊತ್ತಿರಲಿಲ್ಲ.

ಆದ್ದರಿಂದ ಮಾನ್ಯರೇ, ದೂರು ಬರೆಯಲು ಕೂತವನು ಅಭಿನಂದನೆ ಬರೆಯುವ ಸ್ಥಿತಿಗೆ ಬಂದಿದ್ದೇನೆ. ಎರಡು ವರ್ಷ ಯೋಜನೆ ಹಾಕಿಯೂ ನನಗೆ ಸಾಧ್ಯವಾಗದ್ದನ್ನು ತಾವು ನಿಂತ ನಿಲುವಿನಲ್ಲೇ ಸಾಧಿಸಿದಿರಿ: ಆ ಪ್ರವಾಸದಿಂದ ಏನನ್ನು ತೆಗೆದುಹಾಕಿದರೆ ಅದು ಸರಿಹೋಗುತ್ತದೆಂದು ತಮಗೆ ಒಂದೇ ನೋಟಕ್ಕೆ ತಿಳಿಯಿತು. ಇಂಥ ಪ್ರತಿಭೆ ಗೇಟಿನ ಮೂಲೆಯಲ್ಲಿ ಕೊಳೆಯಬಾರದು. ತಾವು ದಯಮಾಡಿ ರಜೆ ಹಾಕಿ ನಮ್ಮ ಅಂಗಡಿಗೆ ಬಂದು ಬಾಗಿಲಲ್ಲಿ ನಿಲ್ಲಬೇಕು. ಮೈ ಬೆಳೆಸಿಕೊಂಡು "ನೀನೇ ಬಿಗಿ ಹೊಲಿದೆ" ಎಂದು ಜಗಳಕ್ಕೆ ಬರುವ ಗಿರಾಕಿಗಳನ್ನು ತಮ್ಮೊಳಗೆ ಒಮ್ಮೆ ಇಳಿಸಿ ತೋರಿಸಬೇಕು. ವೀಸಾನ ಉಪದೇಶಗಳನ್ನು ಅಳೆದು, ಹಿಡಿಸದವುಗಳಿಗೆ ಅವನಿಂದಲೇ ದರ ವಸೂಲು ಮಾಡಬೇಕು. ಗಂಡಂದಿರು ಬಾಯಿ ತೆರೆಯುವ ಮೊದಲು ಅವರ ಪ್ರಶ್ನೆ ತಮ್ಮೊಳಗೆ ಹಾದುಹೋಗುವ ವ್ಯವಸ್ಥೆಯೇನಾದರೂ ಇದ್ದರೆ, ಮೊದಲ ಅರ್ಜಿ ನನ್ನದೆಂದು ತಿಳಿಯಬೇಕು. ತಮಗಾಗಿ ಹೊಲಿದ ಅಂಗಿ ಹೇಗೂ ಸಿದ್ಧವಿದೆ, ಬಂದಾಗ ತೊಟ್ಟು ನೋಡಬಹುದು.

ತಮ್ಮ ಅಳತೆಗೆ ಎರಡು ಬೆರಳು ಹೆಚ್ಚಾಗಿ ಹೊರಗುಳಿದ,
ಆದರೂ ತಮ್ಮ ವಿಶ್ವಾಸಿ,
ಬಸ್ಸು ನಿಲ್ಲುವ ಜಾಗದ ಎದುರಿನ ದರ್ಜಿ

ಬರೆಯಲು ಮರೆತದ್ದು: ಬರುವ ತಿಂಗಳಲ್ಲಿ ಮತ್ತೊಂದು ಅಗ್ಗದ ಮಂಗಳವಾರವನ್ನು ನನ್ನ ಹೆಂಡತಿ ತಾನೇ ಹುಡುಕಿಕೊಂಡಿದ್ದಾಳೆ. ತನಗೆ ಹೊಸ ಚೀಲ ಬೇಕು, ತಮ್ಮೊಳಗೆ ಕೈ ಸೋಕದಂತೆ ಇಳಿಯಬೇಕು ಎಂದು ಅಳತೆ ಕೊಟ್ಟಿದ್ದಾಳೆ. ನನ್ನ ಚೀಲವನ್ನೂ ಬಿಚ್ಚಿ ಚಿಕ್ಕದು ಮಾಡಲೇ ಎಂದು ಕೇಳಿದ್ದಕ್ಕೆ, "ನಿಮ್ಮದು ಹಾಗೇ ಇರ್ಲಿ ಬಿಡಿ, ಎರಡು ಬೆರಳು ಲೂಸಿದ್ರೇ ಚೆಂದ" ಎಂದಳು. ಅವಳ ಚೀಲವನ್ನು ಹೊಲಿಯಲು ಕೂತಿದ್ದೇನೆ, ಬೆಳಕಿಗೆಂದು ಬಾಗಿಲ ಹತ್ತಿರದ ಸ್ಟೂಲಿನ ಮೇಲೆ. ನಿನ್ನೆಯಿಂದ ಗಂಟೆಗೊಮ್ಮೆ ಬಂದು ತಲೆಯ ಮೇಲೆ ನಿಂತು ಕೇಳುತ್ತಿದ್ದಾಳೆ: "ಆಯ್ತಾ?"