ಆಲ್ಸೀಡನ ನಾಲ್ಕು ನಿಮಿಷ

ರೇಡಿಯೋ ಕೇಂದ್ರದಿಂದ ಬಂದ ಕಾಗದವನ್ನು ಆಲ್ಸೀಡ್ ಕ್ಷೌರದಂಗಡಿಯಲ್ಲಿ ಗಟ್ಟಿಯಾಗಿ ಓದಿದ್ದೇ ತಪ್ಪಾಯಿತು. ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ಸಂದರ್ಶನ. ತನ್ನ ಸಂಗೀತದ ಮೇಲೆ ಯಾರ್‍ಯಾರ ಪ್ರಭಾವವಿದೆ ಎಂದು ಹೇಳಬೇಕು. ಕೊನೆಗೆ ನಾಲ್ಕು ನಿಮಿಷ ಸ್ವಂತ ರಚನೆ ನುಡಿಸಬಹುದು.

ಆ ನಾಲ್ಕು ನಿಮಿಷಕ್ಕಾಗಿ ಅವನು ಇಪ್ಪತ್ತಾರು ವರ್ಷ ಕಾದಿದ್ದ. ನ್ಯೂ ಆರ್ಲಿಯನ್ಸಿನ ಜಾಝ್ ಮೇಳಗಳಲ್ಲಿ ಆಳೆತ್ತರದ ಬೇಸ್ ಪಿಟೀಲನ್ನು ತಬ್ಬಿಕೊಂಡು ಹಿಂದೆ ನಿಲ್ಲುವುದೇ ಅವನ ವೃತ್ತಿ. ತುತ್ತೂರಿಯವನು ಊದಿದರೆ ಜನ ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ಇವನೊಬ್ಬನೇ ನುಡಿಸುವ ಸರದಿ ಬಂತೋ, ಎಲ್ಲರಿಗೂ ಮಾತು ನೆನಪಾಗುತ್ತದೆ. ಒಮ್ಮೆ ಒಬ್ಬಾತ ಇವನ ಸರದಿಯಲ್ಲೇ ಹುಡುಗಿಯನ್ನು ಮದುವೆಗೆ ಕೇಳಿ, ಒಪ್ಪಿಸಿ, ಅವಳ ತಾಯಿಯೊಡನೆ ಮೊದಲ ಜಗಳವನ್ನೂ ಮುಗಿಸಿದ್ದ. ರೇಡಿಯೋದಲ್ಲಾದರೆ ನಡುವೆ ಮಾತಾಡುವವರಿರುವುದಿಲ್ಲ ಎಂಬುದೇ ಆಲ್ಸೀಡನ ಸಂತೋಷ.

"ಮೊದ್ಲು ನನ್ ಹೆಸ್ರು ಹಾಕು," ಎಂದ ಕ್ಷೌರಿಕ ನೋಲನ್, ಕತ್ತಿಯನ್ನು ಇವನ ಗಂಟಲ ಮೇಲಿಟ್ಟುಕೊಂಡೇ. "ನಾನು ಕತ್ತಿ ಮಸೆಯೋ ತಾಳ ಕೇಳ್ಕೊಂಡೇ ಅಲ್ವೇನೋ ನೀನು ಬೆಳೆದಿದ್ದು?"

ಗಂಟಲ ಮೇಲೆ ಕತ್ತಿಯಿರುವಾಗ ಇಲ್ಲ ಎನ್ನುವವರು ಯಾರು? ಬೇರೆ ಕಾಗದವಿರಲಿಲ್ಲ. ತನ್ನ ರಚನೆಯ ಸ್ವರಗಳಿದ್ದ ಹಾಳೆಯ ಹಿಂಬದಿಯನ್ನೇ ಕೊಟ್ಟ. ನೋಲನ್ ತನ್ನ ಹೆಸರನ್ನು ತಾನೇ ದಪ್ಪಕ್ಷರದಲ್ಲಿ ಬರೆದ.

ಸುದ್ದಿ ಅವನಿಗಿಂತ ಮುಂಚೆ ಬೀದಿ ಸೇರಿತ್ತು. ಪಕ್ಕದ ಮನೆಯ ಮಿಸ್ ಯೂಲಾಲಿ ಸೌಟು ಹಿಡಿದು ದಾರಿಗಡ್ಡ ನಿಂತಳು.

"ಸೋಮವಾರ ಸೋಮವಾರ ನನ್ ಕೆಂಪು ಬೀನ್ಸ್ ಅನ್ನ ತಿಂದು ತಾನೇ ನಿನ್ ಬೆರಳಿಗೆ ಬಲ ಬಂದಿದ್ದು? ಹೆಸ್ರಿಲ್ಲ ಅಂದ್ರೆ ಇವತ್ತು ಊಟಾನೂ ಇಲ್ಲ!"

"ಪ್ರಾರ್ಥನೆ ಹೊತ್ನಲ್ಲಿ ನಾನು ಹೊಡೆಯೋ ಗೊರಕೆ ಕೇಳೇ ನೀನು ಮಂದ್ರ ಕಲ್ತಿದ್ದು. ನಿಜ ಹೇಳ್ಬಿಡು ಮಗಾ," ಎಂದ ಚರ್ಚಿನ ಹಿರಿಯ ಪ್ರಾಸ್ಪೇರ್. ಇದು ಸ್ವಲ್ಪ ಮಟ್ಟಿಗೆ ನಿಜವೂ ಆಗಿತ್ತು. ಬೀದಿ ದಾಟುವಷ್ಟರಲ್ಲಿ ಹಾಳೆಯ ಹಿಂಬದಿಯಲ್ಲಿ ಇಪ್ಪತ್ಮೂರು ಹೆಸರುಗಳಾದವು.

ರೇಡಿಯೋ ಕೇಂದ್ರದಲ್ಲಿ ಅವನ ಕಿವಿಗೆ ಹೆಡ್‌ಫೋನ್ ಹಾಕಿ ಒಂದು ಕೋಣೆಯಲ್ಲಿ ನಿಲ್ಲಿಸಿದರು. ಗಾಜಿನಾಚೆ ಕುಳಿತ ನಿರೂಪಕಿ ಮಿಸೆಸ್ ಗಿಲ್ಬೋ ಬಾಲ್ಯ, ಮೇಳ, ಬೆನ್ನುನೋವು ಎಲ್ಲ ಕೇಳಿ ಕೊನೆಗೆ, "ನಿಮ್ಮ ಮೇಲೆ ಯಾರ್‍ಯಾರ ಪ್ರಭಾವ ಇದೆ?" ಎಂದಳು.

ಆಲ್ಸೀಡ್ ಗಡಿಯಾರ ನೋಡಿದ. ಉಳಿದದ್ದು ನಾಲ್ಕೇ ನಿಮಿಷ. ಹೆಸರು ಓದಿದರೆ ರಚನೆ ಹೋಯಿತು. ರಚನೆ ನುಡಿಸಿದರೆ ಬೀದಿಯೇ ಹೋಯಿತು.

"ಯಾರದ್ದೂ ಇಲ್ಲ ಮೇಡಂ. ನುಡಿಸ್ತೀನಿ," ಎಂದುಬಿಟ್ಟ.

ಹೆಡ್‌ಫೋನ್ ತೆಗೆದಿಟ್ಟು, ಎದುರಿನ ತಂತಿಯ ಸ್ಟ್ಯಾಂಡಿಗೆ ಹಾಳೆ ಸಿಕ್ಕಿಸಿದ. ಸ್ವರಗಳು ತನ್ನತ್ತ, ಹೆಸರುಗಳು ಗಾಜಿನತ್ತ. ಜೀವಮಾನದಲ್ಲೇ ಹಾಗೆ ನುಡಿಸಿರಲಿಲ್ಲ. ಒಮ್ಮೆ ಕಣ್ಣು ತೆರೆದಾಗ ಗಾಜಿನಾಚೆ ಮಿಸೆಸ್ ಗಿಲ್ಬೋಳ ತುಟಿಗಳು ಅಲುಗುತ್ತಿದ್ದವು. ಆಕೆಯೂ ಜೊತೆಗೆ ಗುನುಗುತ್ತಿದ್ದಾಳೆಂದುಕೊಂಡು ಅವನು ಇನ್ನಷ್ಟು ಹುರುಪಿನಿಂದ ನುಡಿಸಿದ.

ಒದೆ ತಿನ್ನಲು ಸಿದ್ಧನಾಗಿಯೇ ಬೀದಿಗೆ ಮರಳಿದ. ನೋಲನ್ ಓಡಿ ಬಂದು ತಬ್ಬಿಕೊಂಡ. ಪ್ರಾಸ್ಪೇರ್ ಕಣ್ಣೊರೆಸಿಕೊಂಡ. ಮಿಸ್ ಯೂಲಾಲಿ ತಟ್ಟೆಯ ತುಂಬ ಬಡಿಸಿ ತಂದಳು.

"ಎಲ್ರೂ ಕೇಳಿದ್ರಾ?" ಎಂದ ಆಲ್ಸೀಡ್.

"ಕೇಳ್ದೆ ಇರ್ತೀವಾ! ಆ ಹೆಣ್ಮಗಳು ಇಪ್ಪತ್ಮೂರು ಹೆಸ್ರನ್ನೂ ಎಷ್ಟು ನಿಧಾನವಾಗಿ, ಎಷ್ಟು ಚೆನ್ನಾಗಿ ಓದಿದ್ಲು ಗೊತ್ತಾ?" ಎಂದಳು ಮಿಸ್ ಯೂಲಾಲಿ. "ಒಂದೇ ಬೇಜಾರು ಕಣಪ್ಪ. ಓದಿ ಮುಗ್ಸೋವರ್ಗೂ ಹಿಂದೆ ಯಾವನೋ ಗುಂಯ್ ಗುಂಯ್ ಅನ್ನಿಸ್ತಾನೇ ಇದ್ದ. ಮುಂದಿನ್ ಸಲ ಹೋದಾಗ ಅವನಿಗೆ ಸುಮ್ನಿರೋಕೆ ಹೇಳು."