ಸಿಸ್ಟರ್, ನಾನು ಒಪ್ಪಲ್ಲ

ಪ್ರಿಯಾಂಕಾ: ರೀ, ಇಷ್ಟು ಬೇಗ ಒಪ್ಕೊಂಡ್ಬಿಟ್ರೆ ನಾನು ಪಾಸಾಗೋದು ಹೆಂಗೆ?

ಕನಕರಾಜು: ಕುಡಿಯೋದು ಬಿಡಿ ಅಂತ ನೀನಂದೆ. ಆಯ್ತು ಸಿಸ್ಟರ್, ಬಿಟ್ಟೆ ಅಂತ ನಾನಂದೆ. ಇದ್ರಲ್ಲಿ ನಂದೇನು ತಪ್ಪು?

ಪ್ರಿಯಾಂಕಾ: ಬಿಡಬಾರ್ದಿತ್ತು ಕಣ್ರೀ. ಜಪ್ಪಯ್ಯ ಅಂದ್ರೂ ಬಿಡಲ್ಲ ಅನ್ಬೇಕಿತ್ತು.

ಕನಕರಾಜು: ಮದುವೆ ಆದಾಗಿಂದ ನನ್ನ ಮಾತೇ ಕೇಳಲ್ಲ ಅಂತ ನೀನೇ ಗೋಳಾಡ್ತಿದ್ದೆ. ಇವತ್ತು ಕೇಳಿದ್ರೆ ಅದಕ್ಕೂ ಬೈತೀಯ.

ಪ್ರಿಯಾಂಕಾ: ನೀವೀಗ ನನ್ನ ಗಂಡ ಅಲ್ಲ. ಲಿವರ್ ಕೆಟ್ಟಿರೋ ಪೇಷಂಟು. ಚೀಟಿ ಸರಿಯಾಗಿ ಓದಿ.

ಕನಕರಾಜು ಚೌಳಹಿರಿಯೂರಿನಲ್ಲಿ ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ತಂತಿ ಸುತ್ತಿಕೊಡುವ ಅಂಗಡಿ ಇಟ್ಟಿದ್ದ. ಅವನ ಹೆಂಡತಿ ಪ್ರಿಯಾಂಕಾ ದಿನಾ ಬಸ್ಸಿನಲ್ಲಿ ಕಡೂರಿಗೆ ಹೋಗಿ ಅಲ್ಲಿನ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸ್ ಆಗಿ ದುಡಿಯುತ್ತಿದ್ದಳು. ಅವಳಿಗೆ ಐರ್ಲೆಂಡಿಗೆ ಹೋಗಿ ದೊಡ್ಡ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುವ ಆಸೆ. ಅದಕ್ಕೆ ನರ್ಸುಗಳಿಗೆಂದೇ ಇರುವ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕಿತ್ತು. ಓದುವುದು, ಬರೆಯುವುದು ಅವಳಿಗೆ ಕಷ್ಟವಿರಲಿಲ್ಲ. ಮಾತಾಡುವ ಭಾಗವೇ ತೊಡಕು. ಅದರಲ್ಲಿ ಎದುರಿಗೆ ಕೂತವರು ಚೀಟಿಯಲ್ಲಿ ಬರೆದಂತೆ ರೋಗಿಯ ವೇಷ ಹಾಕುತ್ತಾರೆ. ಔಷಧ ಬೇಡ, ಪಥ್ಯ ಆಗದು ಎಂದು ಹಟ ಹಿಡಿಯುತ್ತಾರೆ. ಅಭ್ಯರ್ಥಿ ಸಮಾಧಾನದಿಂದ, ಇಂಗ್ಲಿಷಿನಲ್ಲಿ, ಅವರನ್ನು ಒಪ್ಪಿಸಬೇಕು. ಮನೆಯಲ್ಲಿ ಅಭ್ಯಾಸ ಮಾಡಲು ಒಬ್ಬ ರೋಗಿ ಬೇಕಾಗಿದ್ದ. ಆ ಕೆಲಸಕ್ಕೆ ಗಂಡನೇ ಸಿಕ್ಕ.

ಈ ವಿಚಾರ ಕನಕರಾಜುವಿನ ತಾಯಿ ಶಂಕರಮ್ಮನಿಗೆ ತಿಳಿದಿರಲಿಲ್ಲ. ತಿಳಿಸುತ್ತೇನೆಂದು ಮಗ ಒಪ್ಪಿಕೊಂಡಿದ್ದ. ಹಬ್ಬ ಮುಗಿಯಲಿ ಎಂದ. ಹಬ್ಬ ಮುಗಿಯಿತು. ಈರುಳ್ಳಿ ಕಿತ್ತಾಗಲಿ ಎಂದ. ಅದೂ ಆಯಿತು. ಅಮ್ಮನ ಮುಖ ನೋಡಿದರೆ ಬಾಯಿ ಬರುವುದಿಲ್ಲ ಎಂದು ಕೊನೆಗೆ ನಿಜವನ್ನೇ ಹೇಳಿದ. ಹೀಗಾಗಿ ಪರೀಕ್ಷೆಯ ಅಭ್ಯಾಸ ಒಳಕೋಣೆಯಲ್ಲಿ, ಬಾಗಿಲು ಮುಂದೆ ಮಾಡಿಕೊಂಡು ನಡೆಯುತ್ತಿತ್ತು.

ಕನಕರಾಜುವಿಗೆ ಗೊತ್ತಿದ್ದ ಇಂಗ್ಲಿಷೆಲ್ಲ ಮೋಟರಿನದು. ರೋಗಿಯಾಗಿಯೂ ಅವನು ಅದರಲ್ಲೇ ಕಾಲ ತಳ್ಳಿದ.

ಕನಕರಾಜು: ಸಿಸ್ಟರ್, ಮೈ ನೀ ಬೇರಿಂಗ್ ಗಾನ್.

ಪ್ರಿಯಾಂಕಾ: ಮಂಡೀಲಿರೋದು ಬೇರಿಂಗ್ ಅಲ್ರೀ, ಜಾಯಿಂಟ್.

ಕನಕರಾಜು: ಜಾಯಿಂಟ್ ಲೂಸಾಗಿ ಬೇರಿಂಗ್ ಹೋಗೈತೆ ಅಂತ ಅವನು ಹೇಳ್ತಿರೋದು. ಪೇಷಂಟ್ ಮಾತು ತಾಳ್ಮೆಯಿಂದ ಕೇಳ್ಬೇಕು ಅಂತ ನಿನ್ನ ಚೀಟೀಲೇ ಐತೆ.

ಪ್ರಿಯಾಂಕಾ: ಸರ್, ಯು ನೀಡ್ ಆಪರೇಷನ್.

ಕನಕರಾಜು: ನೋ ಸಿಸ್ಟರ್. ಐ ನೋ ಅಗ್ರೀ.

ಒಮ್ಮೆ ಒಲ್ಲೆ ಎನ್ನುವ ರುಚಿ ಹತ್ತಿದ ಮೇಲೆ ಅವನನ್ನು ಹಿಡಿಯುವವರಿಲ್ಲದಂತಾಯಿತು. ಮನೆಯಲ್ಲಿ ಅಮ್ಮನಿಗೆ, ಅಂಗಡಿಯಲ್ಲಿ ಗಿರಾಕಿಗಳಿಗೆ ಹೂಂಗುಟ್ಟಿಯೇ ಬೆಳೆದವನು ಈಗ ಮಂಚದ ಮೇಲೆ ಕಾಲುಚಾಚಿ ಕೂತು ಇನ್ಸುಲಿನ್ ಬೇಡ, ಎಕ್ಸ್‌ರೇ ಬೇಡ, ಉಪ್ಪು ಬಿಡಲ್ಲ, ಬೀಡಿ ಬಿಡಲ್ಲ ಎಂದು ತಲೆಯಾಡಿಸುತ್ತಿದ್ದ. ನಿಜಕ್ಕೂ ಅವನು ಬೀಡಿ ಮುಟ್ಟಿದವನಲ್ಲ. ಒಂದು ಸಂಜೆ ಪ್ರಿಯಾಂಕಾ ಸೋತು, ಹಾಗಾದರೆ ಸಾಯಿ ಹೋಗು ಎಂದು ಕನ್ನಡದಲ್ಲೇ ಅಂದುಬಿಟ್ಟಳು. ಪರೀಕ್ಷೆಯಲ್ಲಿ ಹೀಗಂದರೆ ನಂಬರ್ ಕೊಡುವುದಿಲ್ಲ ಎಂದು ರೋಗಿಯೇ ಅವಳಿಗೆ ಬುದ್ಧಿ ಹೇಳಿದ.

ಸಾಯಿ ಹೋಗು ಎಂಬ ಮಾತೊಂದು ಮಾತ್ರ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಶಂಕರಮ್ಮನ ಕಿವಿಗೆ ಬಿತ್ತು. ಅದಕ್ಕೂ ಮೊದಲೇ ಆಕೆ ಕೆಲವು ಮಾತು ಹೆಕ್ಕಿಕೊಂಡಿದ್ದಳು. ಲಿವರ್, ಶುಗರ್, ಆಪರೇಷನ್. ಇವು ಗೊತ್ತಾಗಲು ಆಕೆ ಇಂಗ್ಲಿಷ್ ಓದಿರಬೇಕಾಗಿರಲಿಲ್ಲ. ನರ್ಸ್ ಸೊಸೆ ಬಾಗಿಲು ಹಾಕಿಕೊಂಡು ಗಂಡನಿಗೆ ಅಂಗಲಾಚುತ್ತಾಳೆ, ಅವನು ಒಲ್ಲೆ ಅನ್ನುತ್ತಾನೆ, ಅದೂ ತನಗೆ ತಿಳಿಯಬಾರದೆಂದು ಇಂಗ್ಲಿಷಿನಲ್ಲಿ. ಇನ್ನೇನು ಉಳಿಯಿತು? ಮಾರನೆಯ ಮಧ್ಯಾಹ್ನ ಸೊಸೆ ಕಡೂರಿಗೆ ಹೋಗಿದ್ದಾಗ ಆಕೆ ಮಗನಿಗೆ ಉಪ್ಪಿಲ್ಲದ ಸಾರು ಬಡಿಸಿ ಎದುರಿಗೆ ಕೂತಳು.

ಶಂಕರಮ್ಮ: ಕನಕ, ನಂಗೆಲ್ಲಾ ಗೊತ್ತಾಗೈತೆ ಕಣಪ್ಪ.

ಕನಕರಾಜು ಬಾಯಿಗಿಟ್ಟ ಮುದ್ದೆಯ ತುತ್ತನ್ನು ನುಂಗಲಿಲ್ಲ. ಐರ್ಲೆಂಡ್ ವಿಷಯ ಬಯಲಾಯಿತೆಂದು ಅವನಿಗೆ ಭಯವಾಯಿತು, ಹೇಳುವ ಕಷ್ಟ ತಪ್ಪಿತೆಂದು ಸಮಾಧಾನವೂ ಆಯಿತು.

ಕನಕರಾಜು: ನಾನೇ ಹೇಳ್ಬೇಕು ಅಂತಿದ್ದೆ ಅಮ್ಮ.

ಶಂಕರಮ್ಮ: ಹೋಗೋದು ತಪ್ಸೋಕೆ ಆಗಲ್ವಾ?

ಕನಕರಾಜು: ಯಾವತ್ತಾದ್ರೂ ಹೋಗೋದೇ ಅಲ್ವಾ ಅಮ್ಮ.

ಶಂಕರಮ್ಮ: ಎಲ್ರೂ ಹೋಗೋರೇ ಕಣಪ್ಪ. ಆದ್ರೆ ಈ ವಯಸ್ಸಲ್ಲಾ?

ಕನಕರಾಜು: ಈ ವಯಸ್ಸಲ್ಲೇ ಹೋಗ್ಬೇಕು. ವಯಸ್ಸಾದೋರನ್ನ ಅವ್ರು ತಗಳಲ್ಲ.

ಶಂಕರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಲ್ಲಿ ಹೇಗಿರುತ್ತದೋ ಕಂಡವರಾರು ಎಂದಳು. ಚಳಿ ಜಾಸ್ತಿ, ದಿನಾ ಮಳೆ ಹನಿಯುತ್ತಂತೆ, ಒಂದು ಉಣ್ಣೆಯ ಕೋಟು ಬೇಕಾಗಬಹುದು ಎಂದು ಮಗ ವಿವರಿಸಿದ. ಆಕೆಗೆ ಇದು ವಿಚಿತ್ರವೆನಿಸಿದರೂ, ಸಾಯುವವನಿಗೆ ಹಾಗೆಲ್ಲ ಕಾಣುತ್ತಿರಬಹುದು ಎಂದುಕೊಂಡಳು.

ಶಂಕರಮ್ಮ: ಪ್ರಿಯಾಂಕನ ಗತಿ ಏನೋ?

ಕನಕರಾಜು: ಅವಳನ್ನ ಬಿಟ್ಟು ಹೋಗ್ತೀನಾ? ಜೊತೇಲೇ ಹೋಗೋದು ಅಂತ ಇಬ್ರೂ ತೀರ್ಮಾನ ಮಾಡ್ಕೊಂಡಿದ್ದೀವಿ.

ಶಂಕರಮ್ಮನ ಕೈಯಿಂದ ಸೌಟು ಬಿತ್ತು.

ಶಂಕರಮ್ಮ: ಥೂ, ಪಾಪಿ. ಲಿವರ್ ಹೋಗಿರೋದು ನಿಂದು. ಬಾಳಿ ಬದುಕೋ ಆ ಹುಡುಗೀನ ಯಾಕೋ ಎಳ್ಕೊಂಡು ಹೋಗ್ತೀಯ?

ಕನಕರಾಜುವಿಗೆ ಆಗ ತಿಳಿಯಿತು. ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ. ಆದರೆ ಇಲ್ಲಮ್ಮ, ನನಗೇನೂ ಆಗಿಲ್ಲ ಎಂದರೆ, ಮತ್ತೆ ಹೋಗುವುದು ಎಲ್ಲಿಗೆ ಎಂಬ ಪ್ರಶ್ನೆ ಬರುತ್ತದೆ. ಅವನು ಸ್ವಲ್ಪ ಯೋಚಿಸಿ, ಸರಿ, ಅವಳು ಬರುವುದು ಬೇಡ ಬಿಡು ಎಂದು ಊಟ ಮುಂದುವರಿಸಿದ.

ಸಂಜೆ ಇದನ್ನು ಕೇಳಿ ಪ್ರಿಯಾಂಕಾ ತಲೆಯ ಮೇಲೆ ಕೈಹೊತ್ತಳು.

ಪ್ರಿಯಾಂಕಾ: ಅತ್ತೆ ಹತ್ರ ನಿಜ ಹೇಳೋಕಿಂತ ಲಿವರ್ ಕೆಟ್ಟಿದೆ ಅನ್ನೋದು ಸುಲಭ ಆಯ್ತಾ ನಿಮಗೆ?

ಕನಕರಾಜು: ಪರೀಕ್ಷೆ ಮುಗಿಯೋವರೆಗೆ ಕಣೇ. ಆಮೇಲೆ ನಿಧಾನಕ್ಕೆ ವಾಸಿ ಮಾಡ್ಕೋತೀನಿ.

ನಿಧಾನಕ್ಕೆ ನಡೆಯುವ ಸಂಗತಿಯಾಗಿರಲಿಲ್ಲ ಅದು. ಅಜ್ಜಂಪುರದ ಕಡೆಯ ಬುಕ್ಕಾಂಬುಧಿಯಿಂದ ಶಂಕರಮ್ಮನ ತಮ್ಮ ಲಕ್ಕಣ್ಣ ಪಪ್ಪಾಯಿ ಹಿಡಿದು ಬಂದಿಳಿದ. ಅಳಿಯನ ಕಣ್ಣಿನ ರೆಪ್ಪೆ ಎತ್ತಿ ನೋಡಿ, ಹಳದಿ ಕಾಣದಿದ್ದರೂ ಇದೆ ಎಂದ. ತರೀಕೆರೆಗೆ ಹೋಗಿ, ಅಲ್ಲಿಂದ ಲಿಂಗದಹಳ್ಳಿಯ ಬಸ್ ಹಿಡಿದು, ನಾಟಿ ಔಷಧ ಕೊಡುವ ಒಬ್ಬರ ಮುಂದೆ ಅವನನ್ನು ಕೂರಿಸಿದರು. ಅವರು ನಾಡಿ ಹಿಡಿದು ಆರೋಗ್ಯ ಚೆನ್ನಾಗಿದೆ ಅಂದಾಗ, ಲಕ್ಕಣ್ಣ ಪಕ್ಕಕ್ಕೆ ಕರೆದೊಯ್ದು ಸೊಸೆ ನರ್ಸು, ಅವಳೇ ಹೇಳಿದ್ದಾಳೆ ಎಂದು ತಿಳಿಸಿದ. ಹಾಗಾದರೆ ಇರಲಿ ಎಂದು ಅವರು ನೆಲನೆಲ್ಲಿ ಕಷಾಯಕ್ಕೆ ಬೇರು ಸೊಪ್ಪು ಕಟ್ಟಿಕೊಟ್ಟರು. ಅದರ ಕಹಿ ಬೆಳಿಗ್ಗೆ ಕುಡಿದರೆ ಸಂಜೆಯವರೆಗೂ ನಾಲಗೆಯಲ್ಲಿ ನಿಲ್ಲುತ್ತಿತ್ತು. ಅಂಗಡಿಯ ಬಾಗಿಲು ಮುಚ್ಚಿತು. ಸುಟ್ಟ ಮೋಟರುಗಳು ಮನೆಯ ಜಗುಲಿಯ ಮೇಲೆ ಸಾಲಾಗಿ ಕೂತವು. ಮೋಟರು ತಂದ ರೈತರು ಕನಕರಾಜುವನ್ನು ಕಂಡು, ಮುಖ ಇಳಿದಿದೆ ಪಾಪ ಎಂದು ಮೆಲ್ಲಗೆ ಮಾತಾಡಿಕೊಂಡು ಹೋದರು.

ಒಂದು ಲಾಭವಾಯಿತು. ಕಷಾಯ ಕುಡಿದ ಕನಕರಾಜು ಈಗ ನಿಜವಾದ ರೋಗಿಯಂತೆ ಸಿಡುಕುತ್ತಿದ್ದ. ಅವನನ್ನು ಒಲಿಸಿ ಒಲಿಸಿ ಪ್ರಿಯಾಂಕಾಳ ಇಂಗ್ಲಿಷ್ ಸಲೀಸಾಯಿತು.

ಪರೀಕ್ಷೆ ಹತ್ತಿರವಿದ್ದಾಗ ಶಂಕರಮ್ಮ ಸೊಸೆಯನ್ನು ಹಿತ್ತಲಿಗೆ ಕರೆದಳು. ಬಹಳ ಹೊತ್ತು ತುಳಸಿಗೆ ನೀರು ಹಾಕುತ್ತಲೇ ಇದ್ದಳು. ಕೊನೆಗೆ ಬಾಯಿಬಿಟ್ಟಳು. ಅಜ್ಜಂಪುರದ ತಿಪ್ಪಮ್ಮನ ಮಗಳೂ ನರ್ಸಂತೆ, ಯಾವುದೋ ಹೊರದೇಶದಲ್ಲಿದ್ದಾಳಂತೆ, ಚೆನ್ನಾಗಿದ್ದಾಳಂತೆ. ಲಕ್ಕಣ್ಣ ಹೇಳಿದನಂತೆ.

ಶಂಕರಮ್ಮ: ಅವನಂತೂ ಹಿಂಗಾದ. ನೀನಾದ್ರೂ ಹೋಗಿ ನಿನ್ನ ಬಾಳು ನೋಡ್ಕೋ ಮಗಳೇ. ಅವನನ್ನ ನಾನು ನೋಡ್ಕೋತೀನಿ. ಹೋಗಲ್ಲ ಅನ್ಬೇಡ, ನನ್ನಾಣೆ.

ಪ್ರಿಯಾಂಕಾ ಎಷ್ಟೋ ದಿನ ಬೇಡಲು ಹೆದರಿದ್ದನ್ನು ಅತ್ತೆಯೇ ಆಣೆ ಹಾಕಿ ಕೊಡುತ್ತಿದ್ದಳು. ಸಂತೋಷಕ್ಕಿಂತ ನಾಚಿಕೆಯೇ ಹೆಚ್ಚಾಗಿ ಅವಳು ಅತ್ತುಬಿಟ್ಟಳು. ಅತ್ತೆಯೂ ಅತ್ತಳು. ಒಳಗೆ ಬಂದು ಅವಳು ಇದನ್ನು ಹೇಳಿದಾಗ ಕನಕರಾಜು ಮಾತ್ರ ಬೀಗಿದ.

ಕನಕರಾಜು: ನೋಡ್ದಾ? ಒಂದು ಮಾತೂ ಆಡ್ದೆ ನಾನು ಅಮ್ಮನ್ನ ಒಪ್ಸಿಬಿಟ್ಟೆ.

ಪ್ರಿಯಾಂಕಾ: ಒಪ್ಪಿರೋದು ನಾನು ಹೋಗೋಕೆ. ನಿಮ್ಮನ್ನ ಇಲ್ಲೇ ಇಟ್ಕೊಂಡು ಕಷಾಯ ಕುಡಿಸ್ತಾರಂತೆ.

ಅವನು ಇದನ್ನು ಯೋಚಿಸಿರಲಿಲ್ಲ.

ಹೊರದೇಶದ ಕೆಲಸಕ್ಕೆ ಪರೀಕ್ಷೆಯಿದೆ ಎಂದು ಅತ್ತೆಗೆ ಹೇಳಿಯೇ ಪ್ರಿಯಾಂಕಾ ಬೆಂಗಳೂರಿಗೆ ಹೋಗಿ ಬಂದಳು. ಎದುರಿಗೆ ಕೂತಿದ್ದ ಹೆಂಗಸು ಮಾತ್ರೆ ಬೇಡ ಎಂದು ಸ್ವಲ್ಪ ಹಟ ಮಾಡಿ, ಬೇಗನೆ ಒಪ್ಪಿಕೊಂಡಳಂತೆ. ಇದೆಂಥ ರೋಗಿ ಎಂದು ಪ್ರಿಯಾಂಕಾಳಿಗೆ ಅನುಮಾನವೇ ಬಂತಂತೆ. ಫಲಿತಾಂಶ ಬಂದಾಗ ಅವಳು ಒಳ್ಳೆಯ ದರ್ಜೆಯಲ್ಲಿ ಪಾಸಾಗಿದ್ದಳು. ಶಂಕರಮ್ಮ ಹೋಳಿಗೆ ಮಾಡಿದಳು. ಕನಕರಾಜುವಿನ ಎಲೆಗೆ ಅದು ಬೀಳಲಿಲ್ಲ. ಶುಗರ್ ಇರುವವನಿಗೆ ಸಿಹಿ ಹಾಕಬಾರದೆಂದು ಲಕ್ಕಣ್ಣ ತಡೆದ.

ಕನಕರಾಜು ಹೆಂಡತಿಯ ಎಲೆಯ ಮೇಲಿನ ಹೋಳಿಗೆ ನೋಡಿದ. ತುಪ್ಪ ಅದರ ಅಂಚಿನಿಂದ ಇಳಿಯುತ್ತಿತ್ತು. ಅವನ ತಾಳ್ಮೆ ಅಲ್ಲಿಗೆ ಮುಗಿಯಿತು.

ಕನಕರಾಜು: ಅಮ್ಮ, ನಂಗೇನೂ ಆಗಿಲ್ಲ. ಲಿವರ್ ಚೆನ್ನಾಗೈತೆ. ಅದೆಲ್ಲಾ ಪರೀಕ್ಷೆಗೆ ಅಂತ ಆಡಿದ ಆಟ. ನಾನೂ ಅವಳ ಜೊತೆ ಹೋಗೋನು.

ಶಂಕರಮ್ಮ ತಮ್ಮನ ಕಡೆ ನೋಡಿದಳು. ಲಕ್ಕಣ್ಣ ತಲೆಯಾಡಿಸಿದ.

ಲಕ್ಕಣ್ಣ: ನಂಗೇನೂ ಆಗಿಲ್ಲ ಅನ್ನೋಕೆ ಶುರು ಮಾಡಿದ್ರೆ ತಲೆಗೇರೈತೆ ಅಂತ ಅರ್ಥ ಅಕ್ಕ. ಕಷಾಯ ಎರಡು ಹೊತ್ತು ಮಾಡು.

ಕನಕರಾಜು ಎದ್ದು ನಿಂತು ಕುಣಿದು ತೋರಿಸಿದ. ಜಗುಲಿಯ ಮೇಲಿದ್ದ ಮೋಟರೊಂದನ್ನು ಹೆಗಲಿಗೆತ್ತಿಕೊಂಡು ಪಡಸಾಲೆಯಲ್ಲಿ ಸುತ್ತು ಹಾಕಿದ. ನೋಡಿದಷ್ಟೂ ಶಂಕರಮ್ಮನಿಗೆ ಗಾಬರಿ ಹೆಚ್ಚಿತು. ಆಕೆ ಸೊಸೆಯ ಕೈ ಹಿಡಿದುಕೊಂಡಳು.

ಶಂಕರಮ್ಮ: ನೀನು ನರ್ಸು. ನೀನು ಹೇಳು. ಇವನಿಗೆ ಏನಾದ್ರೂ ಐತಾ?

ಪ್ರಿಯಾಂಕಾ ಗಂಡನನ್ನು ನೋಡಿದಳು. ಹೌದೆಂದರೆ ಯಾರ ಅಡ್ಡಿಯೂ ಇಲ್ಲದೆ ಅವಳು ಹೊರಡಬಹುದಿತ್ತು. ಇಲ್ಲವೆಂದರೆ ಅತ್ತೆ ಹಾಕಿದ ಆಣೆಗೆ ಅರ್ಥವೇ ಉಳಿಯುತ್ತಿರಲಿಲ್ಲ. ಕೈ ಹಿಡಿದಿದ್ದ ಮುದುಕಿ ಅವಳ ಬಾಯನ್ನೇ ನೋಡುತ್ತಿದ್ದಳು.

ಪ್ರಿಯಾಂಕಾ: ಏನೂ ಇಲ್ಲ ಅತ್ತೆ.

ಶಂಕರಮ್ಮ: ಲಿವರ್ರು?

ಪ್ರಿಯಾಂಕಾ: ಚೆನ್ನಾಗಿದೆ.

ಶಂಕರಮ್ಮ: ಶುಗರ್ರು?

ಪ್ರಿಯಾಂಕಾ: ಅದೂ ಇಲ್ಲ.

ಶಂಕರಮ್ಮ: ಹಂಗಾದ್ರೆ ನೀನು ಹೋಗೋದ್ಯಾಕೆ?

ಪ್ರಿಯಾಂಕಾ: ನಂಗೆ ಹೋಗ್ಬೇಕು ಅನ್ಸಿದೆ ಅತ್ತೆ. ದೊಡ್ಡ ಆಸ್ಪತ್ರೇಲಿ ಕೆಲ್ಸ ಮಾಡ್ಬೇಕು, ಕಲೀಬೇಕು ಅಂತ. ಬೇರೆ ಕಾರಣ ಇಲ್ಲ. ಕೇಳೋಕೆ ಇಬ್ರೂ ಹೆದರಿದ್ವಿ.

ಲಕ್ಕಣ್ಣ ಕೈತೊಳೆದು, ಅಜ್ಜಂಪುರದ ಬಸ್ ಎಷ್ಟು ಹೊತ್ತಿಗೋ ಎಂದು ತನ್ನಷ್ಟಕ್ಕೆ ಅನ್ನುತ್ತ ಚಪ್ಪಲಿ ಹುಡುಕತೊಡಗಿದ. ಕನಕರಾಜು ಹೆಗಲ ಮೇಲಿನ ಮೋಟರನ್ನು ಇಳಿಸಲೂ ಹೆದರಿ ಹಾಗೆಯೇ ನಿಂತಿದ್ದ.

ಶಂಕರಮ್ಮ: ಇಷ್ಟು ಕೇಳೋಕೆ ನನ್ನ ಮಗನಿಗೆ ಮೈತುಂಬ ರೋಗ ಬರಿಸ್ಬೇಕಿತ್ತೇನೇ?

ಹೀಗೆಂದು ಆಕೆ ಅಳಲು ಶುರುಮಾಡಿದಳು. ಅತ್ತು ಸಮಾಧಾನವಾಗುವವರೆಗೆ ಸೊಸೆಯ ಕೈ ಬಿಡಲಿಲ್ಲ. ಆಮೇಲೆ ಮೂಗೊರೆಸಿಕೊಂಡು, ಆಣೆ ಹಾಕಿದ್ದು ಹಾಕಿದ್ದೇ, ಹೋಗಿ ಬಾ ಎಂದಳು. ಗಂಡನೂ ಹೋಗಬಹುದು, ಆದರೆ ಜಗುಲಿಯ ಮೇಲಿನ ಮೋಟರುಗಳನ್ನೆಲ್ಲ ಸರಿಮಾಡಿ ಕೊಟ್ಟ ಮೇಲೆ ಎಂದು ಕಟ್ಟುಮಾಡಿದಳು. ಕನಕರಾಜು ಮರುಮಾತಾಡದೆ ಅಂಗಡಿಯ ಬೀಗದ ಕೈ ಹುಡುಕಿಕೊಂಡು ಹೋದ. ಅವನು ಬಾಗಿಲು ದಾಟುವುದನ್ನೇ ಕಾದಿದ್ದು ಶಂಕರಮ್ಮ ಸೊಸೆಯ ಕಡೆ ಬಾಗಿದಳು.

ಶಂಕರಮ್ಮ: ಅಲ್ವೇ, ಆ ದೇಶದಲ್ಲಿ ನಿಜವಾದ ರೋಗಿಗಳು ಇದ್ದಾರೇನೇ, ಇಲ್ಲಾ ಎಲ್ಲಾ ಇಂಥೋರೇನಾ?